ಕೊರಡು ಕಾಯುವ ದೋನ್ಯಾ ಚೋನಾ

ಭಾನುವಾರ. ಹುಂಜಗಳು ಇನ್ನೂ ಆಕಳಿಸುತ್ತಿರುವ ಹೊತ್ತು. ಕಿರೋಗಾ ಊರಿನ ಚೌಕದಲ್ಲಿ, ದೋನ್ ವೆನ್ಸೆಸ್‌ಲಾವೊ ಅವರ ಕಾರ್ನಿತಾಸ್, ಅಂದರೆ ಕೊಬ್ಬಿನಲ್ಲೇ ಬೇಯಿಸಿದ ಹಂದಿಮಾಂಸದ, ಅಂಗಡಿಯ ಮುಂದೆ ದೋನ್ಯಾ ಚೋನಾ ಮಂಡಿಯೂರಿ ಕೂತಿದ್ದಾರೆ. ಎದುರಿಗೆ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಮಾಂಸ ಕೊಚ್ಚುವ ಕೊರಡು. ಸುತ್ತ ಅರ್ಧ ಮೆಕ್ಸಿಕೋ ನೆರೆದಿದೆ. ಸರಿ, ಅರ್ಧ ಬೇಡ, ಚೌಕದ ಅಂಗಡಿಯವರಲ್ಲಿ ಒಬ್ಬರೂ ಮನೆಯಲ್ಲಿಲ್ಲ ಅನ್ನಿ. ಕೊರಡಿನ ಬಿರುಕು ಮುಚ್ಚಿದೆಯೋ ಇಲ್ಲವೋ? ಕುದಿಯುವ ಕೊಪ್ಪರಿಗೆಗಳೂ ಸದ್ದಡಗಿಸಿ ಕಾಯುತ್ತಿವೆ!

ದೋನ್ ವೆನ್ಸೆಸ್‌ಲಾವೊ ಕಂಕುಳಲ್ಲಿ ಹೊಸ ಪ್ಲಾಸ್ಟಿಕ್ ಹಲಗೆ ಅವುಚಿಕೊಂಡಿದ್ದಾರೆ.

"ನೋಡು ಚೋನಾ, ಮುಚ್ಚಿದ್ರೆ ಸರಿ. ಇಲ್ಲಾಂದ್ರೆ ಇವತ್ತಿಂದ ಇದೇ. ಇದಕ್ಕೆ ಆರೈಕೆನೂ ಬೇಡ, ನೀನೂ ಬೇಡ."

"ಅದರ ಮೇಲೆ ಕೊಚ್ಚಿದ್ರೆ ಕತ್ತಿ ಜಾರಿ ನಿಮ್ಮ ಮೀಸೆಗೇ ಬರತ್ತೆ, ದೋನ್ ವೆನ್ಸೆಸ್. ಸ್ವಲ್ಪ ತಡ್ಕೊಳ್ಳಿ," ಎನ್ನುತ್ತಾರೆ ಚೋನಾ, ತಲೆಯೆತ್ತದೆ.

ಮಾತು ತಮಾಷೆಯದು, ವಿಷಯ ಅಲ್ಲ. ಇದು ಚೌಕದ ಅತಿ ದೊಡ್ಡ ಅಂಗಡಿ. ಇವರು ಪ್ಲಾಸ್ಟಿಕ್‌ಗೆ ತಿರುಗಿದರೆ ಉಳಿದವರೂ ಸಾಲಾಗಿ ತಿರುಗುತ್ತಾರೆ. ಆಮೇಲೆ ಚೋನಾ ಕೈಗೆ ಕೆಲಸವೇ ಇಲ್ಲ.

ಎಂಕಾರ್ನಾಸಿಯೋನ್ ಹುಯಿಪೆ ಎಂಬ ಅವರ ಪೂರ್ತಿ ಹೆಸರು ಪಾದ್ರಿಗಳಿಗೂ ಮರೆತುಹೋಗಿದೆ. ನಮ್ಮೂರಿನ ಕಾರ್ನಿತಾಸ್ ತಿಂದವನು ಸ್ವರ್ಗ ಸೇರಿದರೂ ಊಟದ ಹೊತ್ತಿಗೆ ಇಳಿದು ಬರುತ್ತಾನೆ, ಅದು ಜಗತ್ತಿಗೇ ಗೊತ್ತು. ಆದರೆ ಆ ಮಾಂಸ ಯಾವುದರ ಮೇಲೆ ತುಂಡಾಗುತ್ತದೆ ಎಂದು ಯಾರಾದರೂ ಕೇಳಿದ್ದುಂಟೇ? ಗಂಡ ತೀರಿಕೊಂಡ ಮೇಲೆ ಅವನ ಹೆರೆಯುವ ಕತ್ತಿಯನ್ನೇ ಎತ್ತಿಕೊಂಡು ಈ ಕೆಲಸಕ್ಕಿಳಿದವರು ಚೋನಾ. ದಿನ ಬೆಳಗಾದರೆ ಪ್ರತಿ ಕೊರಡಿನ ಮೈ ಹೆರೆದು, ಕಲ್ಲುಪ್ಪು ಸುರಿದು, ಹೋಳು ನಿಂಬೆಯಿಂದ ಉಜ್ಜಿ, ಒರೆಸಿ, ಎರಡೂ ಮುಖಕ್ಕೆ ಗಾಳಿಯಾಡುವಂತೆ ನಿಲ್ಲಿಸುತ್ತಾರೆ. ದಿನಕ್ಕೆಷ್ಟು ನಿಂಬೆ? ಪಾತ್ಸ್‌ಕ್ವಾರೊ ಕೆರೆಗೆ ಹಿಂಡಿದರೆ ಮೀನುಗಳು ಹಲ್ಲು ಚುಳ್ಳೆಂದು ದಡಕ್ಕೆ ಓಡಿಬರುವಷ್ಟು! ಆ ಉಪ್ಪು, ಹುಳಿ ಬೆರಳ ಸಂದಿಯ ಗಾಯಕ್ಕೂ ಇಳಿಯುತ್ತದೆ.

"ಕೈಗೆ ಅಭ್ಯಾಸ ಆಗೋಯ್ತು," ಎನ್ನುತ್ತಾರೆ. "ಕಣ್ಣಿಗೆ ಇನ್ನೂ ಆಗಿಲ್ಲ. ನೀರು ಬರತ್ತೆ."

ಈ ಕೊರಡಿಗೆ ಬಂದ ಗಂಡಾಂತರ ಕೊಬ್ಬಿನ ಊರಿನವರು ಮಾತ್ರ ತಂದುಕೊಳ್ಳಬಲ್ಲಂಥದ್ದು. ನಮ್ಮಲ್ಲಿ ಬಾಗಿಲು ಕಿರುಗುಟ್ಟಿದರೂ ಹಂದಿಕೊಬ್ಬು, ಬೂಟು ಒಣಗಿದರೂ ಹಂದಿಕೊಬ್ಬು. ಶುಕ್ರವಾರ ಸಂಜೆ ದೋನ್ ವೆನ್ಸೆಸ್‌ಲಾವೊ ಅವರ ಹೊಸ ಅಳಿಯ ಉಬಾಲ್ದೊ ಮಾವನನ್ನು ಮೆಚ್ಚಿಸಲು ಕೊರಡನ್ನು ನೀರಲ್ಲಿ ಮುಳುಗಿಸಿ ತೊಳೆದ, ಕೊಬ್ಬು ಮೆತ್ತಿದ, ಅದು ಚೆನ್ನಾಗಿ ಹೀರಲಿ ಎಂದು ಬಿಸಿ ಒಲೆಗೆ ಒರಗಿಸಿ ಮಲಗಿಬಿಟ್ಟ. ಬೆಳಗ್ಗೆ ನೋಡಿದರೆ ಕೊರಡು ನಡುವೆ ಬಾಯಿಬಿಟ್ಟಿದೆ. ಒಂದು ಕತ್ತೆ ಒಳಗೆ ಬಿದ್ದಿದ್ದರೆ ಹುಡುಕಲು ಹಗ್ಗ ಬೇಕಾಗುತ್ತಿತ್ತು!

"ಒಳ್ಳೇದಕ್ಕೇ ಮಾಡಿದ್ದು, ದೋನ್ಯಾ," ಎಂದು ಉಬಾಲ್ದೊ ಗೊಣಗುತ್ತಾನೆ.

"ಕೊಬ್ಬು ಹಳಸತ್ತೆ ಅಳಿಯಂದಿರೇ, ಮರದೊಳಗೆ ಕೂತು ನಾರತ್ತೆ. ಮರಕ್ಕೆ ಜೇನುಮೇಣ ಬೇಕು. ಕೊಬ್ಬು ನಿಮ್ಮ ಹೊಟ್ಟೆಗೆ ಸಾಕು, ಅಲ್ಲಿ ಜಾಗ ಬೇಕಾದಷ್ಟಿದೆ."

ಚೌಕ ಗೊಳ್ಳೆಂದು ನಗುತ್ತದೆ. ಮಾವ ಎಲ್ಲರಿಗಿಂತ ಜೋರಾಗಿ ನಗುತ್ತಾರೆ.

ನಿನ್ನೆ ಬೆಳಗ್ಗೆಯೇ ಚೋನಾ ಕೊರಡಿಗೆ ಹಳೇ ಪೀಪಾಯಿಯ ಕಬ್ಬಿಣದ ಬಳೆ ತೊಡಿಸಿ, ಒದ್ದೆ ಗೋಣಿ ಸುತ್ತಿ, ನೆರಳಲ್ಲಿಟ್ಟು ಹೋಗಿದ್ದರು. ಒಣಗಿ ಬಿರಿದ ಮರ ನಿಧಾನವಾಗಿ ನೀರು ಕುಡಿದು ಉಬ್ಬಬೇಕು. ಈಗ ಗೋಣಿ ಬಿಚ್ಚುತ್ತಾರೆ. ಒಂದು ಸುತ್ತು. ಇನ್ನೊಂದು.

ಬಿರುಕು ಕೂದಲೆಳೆ!

ಎದ್ದ ಕೂಗಿಗೆ ಇಗರ್ಜಿಯ ಪಾರಿವಾಳಗಳು ಪಕ್ಕದ ರಾಜ್ಯಕ್ಕೆ ಹಾರುತ್ತವೆ. ಚೋನಾ ಮಾತ್ರ ನಗುವುದಿಲ್ಲ. ಬಳೆಯನ್ನು ಬಡಿದು ಬಿಗಿಸುತ್ತಾರೆ. ಹಳಸಿದ ಮೇಲ್ಮೈಯನ್ನು ಬಿಳಿ ಮರ ಕಾಣುವವರೆಗೆ ಹೆರೆಯುತ್ತಾರೆ. ಉಪ್ಪು, ನಿಂಬೆ, ಒಣಬಟ್ಟೆ. ಕರಗಿಸಿದ ಮೇಣವನ್ನು ಆ ಎಳೆಯೊಳಕ್ಕೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬುತ್ತಾರೆ. ಕೊನೆಗೆ ನಾಲ್ಕು ಹನಿ ನೀರು ಚಿಮುಕಿಸುತ್ತಾರೆ. ಹನಿಗಳು ಇಂಗದೆ ಮುತ್ತಿನಂತೆ ನಿಲ್ಲುತ್ತವೆ.

"ಈಗ ಕೊಚ್ಚಿ," ಎಂದು ಪಕ್ಕಕ್ಕೆ ಸರಿಯುತ್ತಾರೆ.

ದೋನ್ ವೆನ್ಸೆಸ್‌ಲಾವೊ ಪ್ಲಾಸ್ಟಿಕ್ ಹಲಗೆಯನ್ನು ಅಳಿಯನ ಕೈಗೆ ತುರುಕುತ್ತಾರೆ. "ತಗೋ, ಒಲೆಗೆ ಗಾಳಿ ಬೀಸು." ಕೊಪ್ಪರಿಗೆಯಿಂದ ಬಿಸಿಬಿಸಿ ತುಂಡೊಂದನ್ನು ಎತ್ತಿ ಕೊರಡಿನ ಮೇಲೆ ಕೊಚ್ಚುತ್ತಾರೆ. ಟಕಟಕ ಸದ್ದು ಚೌಕದ ತುಂಬ. ಜೋಳದ ರೊಟ್ಟಿಯಲ್ಲಿ ಮಾಂಸ ಮಡಿಸಿದ ದಿನದ ಮೊದಲ ತಾಕೊ ಚೋನಾ ಕೈಗೆ.

ಅವರು ಕಣ್ಣು ಮುಚ್ಚಿ ಅಗಿಯುತ್ತಾರೆ. ತುಂಬ ಹೊತ್ತು ಅಗಿಯುತ್ತಾರೆ.

"ಹೇಗಿದೆ, ಹೇಳೇ ಮಾರಾಯ್ತಿ!" ಎನ್ನುತ್ತಾರೆ ದೋನ್ ವೆನ್ಸೆಸ್‌ಲಾವೊ.

"ಮರ ಗೊತ್ತಾಗ್ತಿಲ್ಲ. ಮೇಣ ಗೊತ್ತಾಗ್ತಿಲ್ಲ. ಹಳಸಲು ಕೊಬ್ಬೂ ಗೊತ್ತಾಗ್ತಿಲ್ಲ," ಎನ್ನುತ್ತಾರೆ ಚೋನಾ, ತುಟಿ ಒರೆಸಿಕೊಂಡು. "ಬರೀ ಮಾಂಸ ಗೊತ್ತಾಗ್ತಿದೆ. ಅಷ್ಟೇ ನನ್ನ ಕೆಲಸ."