ಸೈಕಲ್ಲಿನ ಮೇಲೆ ಪೂರ್ಣವಾಕ್ಯಗಳು

ಗೋಡೆಗೆ ಒರಗಿ ನಿಂತ ಸೈಕಲ್ಲು ಬಹಳ ದಿನ ಸೈಕಲ್ಲಾಗಿ ಉಳಿಯುವುದಿಲ್ಲ. ಮೆಲ್ಲಮೆಲ್ಲನೆ ಗೂಟವಾಗಿ, ಕಡೆಗೆ ಗೋಡೆಯದೇ ಒಂದು ಅಂಗವಾಗಿಬಿಡುತ್ತದೆ. ನಮ್ಮ ಮನೆಗೂ ಪಕ್ಕದ ಹಸೀನಾ ಭಾಬಿಯ ಮನೆಗೂ ನಡುವೆ ಇರುವ ಮೋಟುಗೋಡೆಯ ಆಚೆ ಬದಿಗೆ, ಅವರ ಮಗಳಿಗೆ ಎಂಟನೆಯ ಇಯತ್ತೆಯಲ್ಲಿ ಸರಕಾರ ಕೊಟ್ಟ ಸೈಕಲ್ಲು ಒರಗಿದೆ. ಹುಡುಗಿ ಈಗ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅಂದು ಬೆಳಿಗ್ಗೆಯೂ ಹಾಲು ಕಾಸಿ, ಯಜಮಾನರ ಡಬ್ಬಿಗೆ ರೊಟ್ಟಿ ಬಡಿದು, ಕಟ್ಟೆ ಒರೆಸಿದ ಅರಿವೆಯನ್ನು ಹಿಂಡಿ, ಎಂದಿನಂತೆ ಗೋಡೆಯ ಮೇಲಿಂದ ಕೈಚಾಚಿ ಅದರ ಹ್ಯಾಂಡಲ್ಲಿಗೆ ಹರವಿದೆ. ವ್ಯತ್ಯಾಸ ಇಷ್ಟೇ: ಅಂದು ರೊಟ್ಟಿ ಬಡಿಯುವ ಸದ್ದಿನ ತಾಳಕ್ಕೆ ನಾನು ಇಂಗ್ಲಿಷಿನಲ್ಲಿ ಸೈಕಲ್ಲಿನ ಗುಣಗಾನ ಮಾಡುತ್ತಿದ್ದೆ.

ವಿಜಯಪುರದ ಹತ್ತಿರದ ತಿಕೋಟಾದಿಂದ ಒಂದಿಷ್ಟು ಒಳಗೆ, ದ್ರಾಕ್ಷಿತೋಟಗಳ ನಡುವಿನ ಸಣ್ಣ ಶಾಲೆಯೊಂದಕ್ಕೆ ಮಕ್ಕಳಿಗೆ ಇಂಗ್ಲಿಷ್ ಮಾತು ಕಲಿಸುವವರು ಬೇಕಾಗಿದ್ದರು. ಮದುವೆಯಾದಂದಿನಿಂದ ನನ್ನ ಕಾನ್ವೆಂಟ್ ಇಂಗ್ಲಿಷು ಔಷಧದ ಡಬ್ಬಿ ಓದುವುದಕ್ಕೂ ಬ್ಯಾಂಕಿನ ಸಂದೇಶ ಬಿಡಿಸಿ ಹೇಳುವುದಕ್ಕೂ ಮಾತ್ರ ವಿನಿಯೋಗವಾಗುತ್ತ, ಕಪಾಟಿನ ಜರತಾರಿ ಸೀರೆಯಂತೆ ಮಡಿಕೆಯಲ್ಲೇ ಸವೆಯುತ್ತಿತ್ತು. ಈ ಕೆಲಸ ನನಗೆ ಸಿಗಲೇಬೇಕೆಂಬ ಹಟ ಎಲ್ಲಿಂದ ಬಂದಿತೋ ತಿಳಿಯದು. ಬಂದದ್ದು ಮಾತ್ರ ಹೋಗಲೊಲ್ಲದು. ಅಂದೇ ಫೋನಿನಲ್ಲಿ ಮುಖ ನೋಡುತ್ತ ಮಾತಿನ ಪರೀಕ್ಷೆ. ವಿಷಯವನ್ನು ಮೊದಲೇ ತಿಳಿಸಿದ್ದರು: ಸೈಕಲ್.

ನಮ್ಮ ಕಾನ್ವೆಂಟಿನ ಸಿಸ್ಟರ್ ಮಾತಿಗೆ ಹಾಕಿಕೊಟ್ಟ ಕಟ್ಟಳೆ ಸರಳವಾಗಿತ್ತು. ಉತ್ತರ ಪೂರ್ಣವಾಕ್ಯದಲ್ಲಿರಬೇಕು, ಕೊನೆಗೊಂದು ಸದ್ವಿಚಾರ ಬರಬೇಕು. ಹಾಗಾಗಿ ಹಸುವಿನಿಂದ ಹೊರಟರೂ, ಹಬ್ಬದಿಂದ ಹೊರಟರೂ ನಾವು ಬಂದು ತಲುಪುತ್ತಿದ್ದದ್ದು ಲೋಕಕಲ್ಯಾಣವನ್ನೇ. ಶಾಲೆಯ ಮುಖ್ಯಾಧ್ಯಾಪಿಕೆ, ನಗುಮುಖದ ಹೆಂಗಸು, ನಿಮ್ಮೂರಿನಲ್ಲಿ ಸೈಕಲ್ ಉಪಯುಕ್ತವೇ ಎಂದು ಇಂಗ್ಲಿಷಿನಲ್ಲಿ ಕೇಳಿದ್ದೇ ತಡ, ನಾನೂ ಅತ್ತಲೇ ಹೊರಟೆ. ಸೈಕಲ್ಲು ಪೆಟ್ರೋಲು ಬೇಡುವುದಿಲ್ಲ, ಹೊಗೆ ಉಗುಳುವುದಿಲ್ಲ, ದೇಹಕ್ಕೆ ಆರೋಗ್ಯ, ಊರಿಗೆ ಶುಭ. ಆದ್ದರಿಂದ ಪ್ರತಿಯೊಬ್ಬರೂ, ವಯೋಭೇದವಿಲ್ಲದೆ, ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗತಕ್ಕದ್ದು! ವಯೋಭೇದದ ಮಾತು ಬೇಕಿರಲಿಲ್ಲ. ಉಚ್ಚಾರ ಸೊಗಸಾಗಿ ಬರುತ್ತದೆಂದು ಸೇರಿಸಿದ್ದೆ.

ಆಕೆ ಪ್ರಶ್ನೆಗಳ ಹಾಳೆಯನ್ನು ಕೆಳಗಿಟ್ಟು ಕನ್ನಡಕ್ಕೆ ಇಳಿದರು.

"ಭಾಳ ಛಲೋ ಮಾತಾಡಿದ್ರಿ ಮೇಡಂ. ನಂದೊಂದು ಚಿಂತಿ ತಪ್ಪಿತು ನೋಡ್ರಿ. ಬಸ್ ಸ್ಟ್ಯಾಂಡಿನಿಂದ ನಮ್ಮ ಸಾಲಿ ಎರಡು ಮೈಲಿ ಐತಿ, ಮುಂಜಾನೆ ಆಟೋ ಸಿಗಂಗಿಲ್ಲ. ನಮ್ಮ ಟೀಚರ್ ಎಲ್ಲಾರೂ ಸ್ಟ್ಯಾಂಡ್ ಬಾಜೂಕ ಸೈಕಲ್ ಇಟ್ಟಾರ, ಅದರ ಮ್ಯಾಲೇ ಬರ್ತಾರ. ನಿಮಗ ಸೈಕಲ್ ಹೊಡ್ಯಾಕ ಬರ್ತೈತೆಲ್ಲಾ?"

ಜೀವನದಲ್ಲಿ ಹತ್ತಿಯೇ ಇರದ ವಾಹನದ ಬಗೆಗೆ ನಿರರ್ಗಳವಾಗಿ ಮಾತಾಡಿದ ನನಗೆ, ಪೂರ್ಣವಾಕ್ಯ ಮೊದಲ ಸಲ ಕೈಕೊಟ್ಟಿತು. "ನೋಡ್ತೇನ್ರಿ" ಎಂದಷ್ಟೇ ಅಂದೆ.

"ಸಂಜೀ ಒಳಗ ಹೇಳ್ರಿ. ಇನ್ನೊಬ್ಬಾಕಿನೂ ಕೇಳಾಕತ್ತಾಳ."

ಅಲ್ಲಿಂದ ಮುಂದೆ ನಾನು ಕೂತಲ್ಲಿ ಕೂಡಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮಡಿಚಿಟ್ಟ ಬಟ್ಟೆಯನ್ನು ಮತ್ತೆ ಮಡಿಚಿದೆ. ಬೇಳೆಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಹಾಕಿ, ತಿಂದು ನೋಡಿ ತಿಳಿದುಕೊಂಡೆ. ಒಣದ್ರಾಕ್ಷಿ ವ್ಯಾಪಾರದ ಅಂಗಡಿಯಲ್ಲಿದ್ದ ಯಜಮಾನರಿಗೆ ಫೋನು ಮಾಡಿದರೆ, "ಈ ವಯಸ್ಸಿನ್ಯಾಗ ಸೈಕಲ್ಲಾ? ಬಿದ್ದು ಕೈ ಮುರಕೊಂಡ್ರ ರೊಟ್ಟಿ ಯಾರು ಬಡೀಬೇಕು?" ಎಂದರು. ಅದರಲ್ಲಿ ಕಾಳಜಿ ಎಷ್ಟು, ಹಸಿವು ಎಷ್ಟು ಎಂಬುದನ್ನು ಇಷ್ಟು ವರ್ಷದ ಸಂಸಾರದ ನಂತರವೂ ಬೇರ್ಪಡಿಸಲಾರೆ.

ಕಲಿಯಬೇಕಾದ ಕಾಲದಲ್ಲಿ ಯಾಕೆ ಕಲಿಯಲಿಲ್ಲ ಎಂದು ನೀವು ಕೇಳಬಹುದು. ರಜೆಗೆ ಬಬಲೇಶ್ವರದ ಸೋದರಮಾವನ ಮನೆಗೆ ಹೋದಾಗ, ಅವರ ಮಗಳು ದೊಡ್ಡ ಸೈಕಲ್ಲಿನ ಬಾರಿನ ಕೆಳಗಿಂದ ಕಾಲು ತೂರಿಸಿ, ಏಡಿಯಂತೆ ವಕ್ರವಾಗಿ ತುಳಿಯುತ್ತ, ಬಿದ್ದು, ಎದ್ದು, ಮೊಣಕಾಲಿಗೆ ಮಣ್ಣು ಒತ್ತಿಕೊಂಡು ಮತ್ತೆ ಹೊರಡುತ್ತಿದ್ದಳು. ನಾನು ಬಿಳಿ ಕಾಲುಚೀಲ ಕೊಳೆಯಾದೀತೆಂದು ಕಟ್ಟೆಯ ಮೇಲೆ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ನನ್ನದು ಟಾಂಗಾದ ಬಾಲ್ಯ. ವಿಜಯಪುರದ ಟಾಂಗಾದಲ್ಲಿ ಹಿಂದೆ ಕೂತವರಿಗೆ ಹಿಮ್ಮುಖದ ಆಸನ; ಗುಮ್ಮಟವಾಗಲಿ, ಗಾಂಧಿ ಚೌಕವಾಗಲಿ, ದಾಟಿಹೋದ ಮೇಲಷ್ಟೇ ಕಾಣುತ್ತದೆ. ಆಮೇಲೆ ಯಜಮಾನರ ಸ್ಕೂಟರಿನ ಹಿಂದೆ ಕೂತೆ. ಮುಖವೇನೋ ಮುಂದಕ್ಕಾಯಿತು, ಆದರೆ ಎದುರಿಗೆ ಅವರ ಬೆನ್ನು. ಎಷ್ಟೊಂದು ದಾರಿ ಸವೆಸಿದ್ದೇನೆ, ನಿಜ. ಬರಲಿರುವ ತಿರುವನ್ನು ನಾನಾಗಿ ಕಂಡದ್ದು ಯಾವಾಗ?

ಸಂಜೆ ಫೋನು ಹಿಡಿದು, ವಿಷಾದವನ್ನೂ ಕೃತಜ್ಞತೆಯನ್ನೂ ಸಮಪ್ರಮಾಣದಲ್ಲಿ ಬೆರೆಸಿ, ಸಿಸ್ಟರ್ ಓದಿದ್ದರೆ ಬೆನ್ನು ತಟ್ಟಬಹುದಾದಂಥ ಇಂಗ್ಲಿಷಿನಲ್ಲಿ ಬರಲಾಗದೆಂದು ಬರೆದೆ. ಓದಿದೆ. ಪ್ರತಿ ವಾಕ್ಯವೂ ಪೂರ್ಣವಾಗಿತ್ತು. ಬಿಳಿ ಕಾಲುಚೀಲದಷ್ಟೇ ಸ್ವಚ್ಛವಾಗಿತ್ತು. ಎಲ್ಲವನ್ನೂ ಅಳಿಸಿ, "ಸೈಕಲ್ ಬರಂಗಿಲ್ಲ. ಎರಡು ವಾರ ಕೊಡ್ರಿ, ಕಲ್ತು ಬರ್ತೇನಿ" ಎಂದು ಕಳಿಸಿದೆ. ಉತ್ತರ ಬರುವವರೆಗೆ ಪಡಸಾಲೆಯಿಂದ ಅಡುಗೆಮನೆಗೆ ಎಷ್ಟು ಸಲ ಅಡ್ಡಾಡಿದೆನೋ. ಕಡೆಗೆ ಬಂತು: "ಆತು, ಬರ್ರಿ."

ಹೊರಗೆ ಹೋಗಿ, ಒಣಗಿ ಕಡ್ಡಿಯಾದ ಅರಿವೆಯನ್ನು ಹ್ಯಾಂಡಲ್ಲಿನಿಂದ ತೆಗೆದೆ. ಆಚೆ ಕಟ್ಟೆಯ ಮೇಲೆ ಹಸೀನಾ ಭಾಬಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ಸಂಗತಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಕಲಿಯುವ ತನಕ ಈ ಸೈಕಲ್ಲನ್ನು ಒಯ್ಯಲೇ ಎಂದು ಕೇಳಿದೆ. ಅವರು ಸೊಪ್ಪಿನಿಂದ ತಲೆ ಎತ್ತಲೂ ಇಲ್ಲ.

"ಒಯ್ರಿ ವೈನಿ, ಅದಕ್ಯಾಕ ಕೇಳ್ತೀರಿ. ಗಾಳಿ ಹಾಕಿಸ್ರಿ, ಬ್ರೇಕ್ ಛಲೋ ಅದಾವು. ಬೆಲ್ ಒಂದು ಇಲ್ಲ ನೋಡ್ರಿ. ಮುಂಜಾನೆ ಒದರಾಕತ್ತಿದ್ರೆಲ್ಲಾ ಇಂಗ್ಲಿಷಿನ್ಯಾಗ, ಹಂಗ ಒದರಕೋತ ಹೋಗ್ರಿ, ಮಂದಿ ತಾವ ಸರೀತಾರ."