ಮಹಡಿಯ ಹುಡುಗಿಯ ‘ನಮ್ಮವರು’

ಎಂಬತ್ತರ ದಶಕದ ಕೊನೆಯಲ್ಲಿ ಜರ್ಸಿ ಸಿಟಿಯ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಪೋರ್ಟೊರಿಕೋದ ತಾಯಿ, ಮಗಳು ಇದ್ದರು. ಮಗಳಿಗೆ ಇಪ್ಪತ್ತಿರಬಹುದು. ಮೆಟ್ಟಿಲ ಮೇಲೆ ಕೂತು, ಬೂಟಿನ ಲೇಸು ಬಿಚ್ಚಿ ಕಟ್ಟುತ್ತಲೇ ಮಾತಾಡುವವಳು. ಅವಳು ಪ್ರೀತಿಸುತ್ತಿದ್ದುದು ಒಬ್ಬ ಹುಡುಗಿಯನ್ನು. ಅದು ನನಗೆ ಗೊತ್ತಿತ್ತು, ತಾಯಿಗೆ ಗೊತ್ತಿರಲಿಲ್ಲ.

ನಾನು ಗಂಡನನ್ನು ‘ನಮ್ಮವರು’ ಎನ್ನುವುದನ್ನು ಕೇಳಿ ಒಮ್ಮೆ, “ಆಂಟಿ, ಆ ಪದ ಗಂಡೋ ಹೆಣ್ಣೋ?” ಎಂದಳು.

“ಎರಡಕ್ಕೂ ನಡೆಯುತ್ತೆ ಕಣೆ.”

ಪದದಲ್ಲೇ ಗಂಡೋ ಹೆಣ್ಣೋ ಗೊತ್ತಾಗಿಬಿಡುವ ಅವರ ಸ್ಪ್ಯಾನಿಷ್‌ನಲ್ಲಿ ಬಚ್ಚಿಡಲಾಗದ್ದಕ್ಕೆ ಕನ್ನಡದಲ್ಲಿ ಜಾಗ ಸಿಕ್ಕಿತು. ಅಂದಿನಿಂದ ಗೆಳತಿಯ ಕಾರು ಬಂದಾಗಲೆಲ್ಲ, “ನಮ್ಮವರು ಬಂದ್ರು” ಎಂದು ತಾಯಿಗೆ ಕೂಗಿ ಇಳಿದುಬಿಡುತ್ತಿದ್ದಳು.

ಒಂದು ಸಂಜೆ ತಾಯಿ ನನ್ನ ಬಾಗಿಲು ತಟ್ಟಿದರು. “ಈ ನಮ್ಮವರು ಅನ್ನೋ ಹುಡುಗ ನಿಮ್ಮ ನೆಂಟನಾ?”

ನಾನು ತಡವರಿಸುತ್ತಿದ್ದಂತೆ ಮಗಳು ಮೆಟ್ಟಿಲಿಳಿದು ಬಂದು ಎದುರಿಗೆ ನಿಂತಳು. “ಹುಡುಗ ಅಲ್ಲಮ್ಮ, ಹುಡುಗಿ. ನಾನು ಪ್ರೀತಿಸೋ ಹುಡುಗಿ.”

ತಾಯಿ ಗೋಡೆಗೆ ಒರಗಿದರು. ಅತ್ತರೋ, ಅತ್ತರೆಂದು ನಾನೇ ಆಮೇಲೆ ಸೇರಿಸಿಕೊಂಡೆನೋ, ಹೇಳಲಾರೆ. ನನ್ನತ್ತ ಕೈ ತೋರಿಸಿ ಮಗಳನ್ನು ಕೇಳಿದ್ದಂತೂ ನಿಜ:

“ಅವಳೂ ಇವರ ಥರ ಬರೀ ಸೊಪ್ಪುಸದೆ ತಿನ್ನೋಳಾ? ಭಾನುವಾರಕ್ಕೆ ಏನು ಮಾಡಲಿ?”