ಕೆಂಪು ಗೆರೆ, ನೀಲಿ ಗೆರೆ

ನರ್ಸಬಾಯಿಯ ಬಲಗೈಯ ಮೂರು ಬೆರಳುಗಳ ತುದಿ ಸದಾ ಬೆಚ್ಚಗಿರುತ್ತಿತ್ತು. ರೋಗಿಯ ಮಣಿಕಟ್ಟು ಹಿಡಿಯುವ ಮೊದಲು ಬೆರಳುಗಳನ್ನು ಸೆರಗಿನಲ್ಲಿ ತಿಕ್ಕಿ ಕಾಯಿಸಿಕೊಳ್ಳುತ್ತಿದ್ದರು. "ತಣ್ಣನ ಕೈ ಹತ್ತಿದ್ರ ನಾಡಿ ಬೆದರತದ" ಎನ್ನುತ್ತಿದ್ದರು. ಹೀಗೇ ಎನ್ನುತ್ತಿದ್ದರೋ, ಅವ್ವ ಹೇಳಿ ಹೇಳಿ ನನ್ನ ಕಿವಿಯಲ್ಲಿ ಉಳಿಸಿದಳೋ, ಖಾತ್ರಿಯಿಲ್ಲ. ಬೆರಳಿನ ಬಿಸಿ ಮಾತ್ರ ನನ್ನದೇ ನೆನಪು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಟೈಫಾಯ್ಡ್ ಹಿಡಿದ ಅಣ್ಣನನ್ನು ನಮ್ಮೂರು ಕುರ್ಡಿಯಿಂದ ಬಂಡಿಯಲ್ಲಿ ರಾಯಚೂರಿನ ದವಾಖಾನೆಗೆ ತಂದಿದ್ದೆವು. ನರ್ಸಬಾಯಿ ಮಾನ್ವಿ ಊರಿನವರು. ಮುಂಜಾನೆ, ಸಂಜೆ ಬಂದು ಅಣ್ಣನ ಬಗಲಲ್ಲಿ ಥರ್ಮಾಮೀಟರ್ ಇಟ್ಟು, ನಾಡಿ ನೋಡಿ, ಮಂಚದ ಕಾಲ್ದೆಸೆಯಲ್ಲಿ ತೂಗುತ್ತಿದ್ದ ಕಾಗದದ ಮೇಲೆ ಚುಕ್ಕೆಯಿಟ್ಟು ಗೆರೆ ಕೂಡಿಸುತ್ತಿದ್ದರು. ಜ್ವರಕ್ಕೆ ನೀಲಿ, ನಾಡಿಗೆ ಕೆಂಪು. ಓದು ಬಾರದ ಅವ್ವನಿಗೆ ನೀಲಿ ಗೆರೆಯೊಂದೇ ಅರ್ಥವಾಗಿತ್ತು.

"ಬಾಯಾರ, ಇವತ್ತೊಂದಿನ ಅದನ್ನ ಸ್ವಲ್ಪ ಕೆಳಗ ಎಳೀರಲ್ಲ. ನಿಮ್ಮ ಸೀಸಕಡ್ಡಿ ಏನು ಸವೀತದ?"

"ನಾ ಎಳದ್ರ ಜ್ವರ ಇಳೀತಿದ್ರ ಯವ್ವಾ, ಎಲ್ಲಾರ್ನೂ ಮನಿಗೆ ಕಳಿಸಿ ನಾನೂ ಮಲಗತಿದ್ದೆ."

ಅಣ್ಣನೂ ನಕ್ಕ.

ಒಂದು ಮುಂಜಾನೆ ನೀಲಿ ಗೆರೆ ಧಡಕ್ಕನೆ ಇಳಿಯಿತು. ಅಣ್ಣನ ಹಣೆ ತಣ್ಣಗಿತ್ತು. ಅವ್ವ ಗಂಟಿನಿಂದ ಸಕ್ಕರೆ ಬಿಚ್ಚಿ, ಮೊದಲ ಚಿಟಿಕೆಯನ್ನು ನರ್ಸಬಾಯಿಯ ಅಂಗೈಗೆ ಹಾಕಿ, ಮಂಚದಿಂದ ಮಂಚಕ್ಕೆ ಹಂಚುತ್ತ ಆಚೆಯ ವಾರ್ಡಿಗೂ ಹೋದಳು. ಕೆಂಪು ಗೆರೆ ಏರಿ ನೀಲಿಯನ್ನು ದಾಟಿದ್ದನ್ನು ನರ್ಸಬಾಯಿ ಆಗಲೇ ಬರೆದಿದ್ದರು. ಕರುಳು ಒಡೆದು ಒಳಗೇ ರಕ್ತ ಸುರಿದಾಗ ಹಾಗಾಗುತ್ತದೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅವರು ಆಳನ್ನು ಡಾಕ್ಟರರ ಬಳಿ ಓಡಿಸಿದರು. ಅವ್ವನನ್ನು ತಡೆಯಲಿಲ್ಲ.

ಸಕ್ಕರೆ ಬಾಯಿಗೆ ಹಾಕಿಕೊಂಡರೇ? ಹಾಕಿಕೊಂಡರು ಎನ್ನುತ್ತಿದ್ದಳು ಅವ್ವ. ನನಗೆ ಕಾಣುವುದು ಬಿಗಿದ ಎಡಮುಷ್ಟಿ, ಬಲಗೈಯಲ್ಲಿ ಅಣ್ಣನ ಮಣಿಕಟ್ಟು. ಡಾಕ್ಟರರು ಬರುವಷ್ಟರಲ್ಲಿ ಮಾಡುವುದೇನೂ ಉಳಿದಿರಲಿಲ್ಲ.

"ಮುಗೀತು. ಕೈ ಬಿಡ್ರಿ ಬಾಯಿ."

"ಅವರವ್ವ ಬರಲಿ ಸಾಹೇಬ್ರ. ಇನ್ನೂ ಬಿಸಿ ಅದ."

"ನನ್ನ ಯಾಕ ಕರೀಲಿಲ್ಲ?" ಎಂದು ಮರಳಿ ಬಂದ ಅವ್ವ ನರ್ಸಬಾಯಿಯ ಮೈಮೇಲೆ ಬಿದ್ದು ಕೂಗಿದಳು. ಕರೆಯಬೇಕಿತ್ತೇ? ನಾನು ಎರಡೂ ಕಡೆ ವಾದಿಸಿದ್ದೇನೆ, ಒಬ್ಬನೇ.

ಕೆಲವು ವರ್ಷಗಳ ಮೇಲೆ ನರ್ಸಬಾಯಿ ಮಾನ್ವಿಯ ಮನೆಯಲ್ಲಿ ಹಾಸಿಗೆ ಹಿಡಿದ ಸುದ್ದಿ ಬಂತು. ಅಲ್ಲಿಯವರೆಗೆ ಮುನಿದೇ ಇದ್ದ ಅವ್ವ ಬಂಡಿ ಕಟ್ಟಿಸಿದಳು. ಹಾಸಿಗೆಯ ಬದಿಗೆ ಕೂತು, ಬೆರಳುಗಳನ್ನು ಸೆರಗಿನಲ್ಲಿ ತಿಕ್ಕಿ, ಅವರ ಮಣಿಕಟ್ಟು ಹಿಡಿದಳು.

"ಏನ್ ಸಿಕ್ತು, ಯವ್ವಾ?"

"ನನಗೇನ್ ತಿಳೀತದ್ರೀ. ನಿಮ್ಮ ಕೈ ಅದ, ಅಷ್ಟ."

ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ನೆನಪನ್ನು ನಾನು ನಂಬುವವನಲ್ಲ. ಆದರೆ ಅಂದು ಆ ಕೋಣೆಯಲ್ಲಿ ನಾನಿದ್ದೆ. ಉಸಿರು ನಿಂತು, ಕೈ ತಣ್ಣಗಾದ ಮೇಲೂ, ದೇವದುರ್ಗದಿಂದ ಅವರ ಮಗಳ ಬಂಡಿ ಬರುವ ತನಕ ಅವ್ವ ಅದನ್ನು ಬಿಡಲಿಲ್ಲ.